ಹಳೇ ಕಂಪ್ಯೂಟರಿನ ಫೈಲುಗಳು ಹೊಸದಕ್ಕೆ: ಯಾವ ದಾರಿ ಯಾರಿಗೆ?

ತಿಪಟೂರಿನಲ್ಲಿರುವ ನಮ್ಮ ಚಿಕ್ಕಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. 2011ರಲ್ಲಿ ಕೊಂಡ ಡೆಸ್ಕ್‌ಟಾಪನ್ನು ಮೊನ್ನೆ ಮೊನ್ನೆಯವರೆಗೂ ಬಳಸುತ್ತಿದ್ದರು. ಅದರಲ್ಲಿ ನಮ್ಮ ಅಜ್ಜಿಯ ಸೋಬಾನೆ ಪದಗಳಿವೆ. ಅಜ್ಜಿ ಹಾಡಿದ್ದನ್ನು ರೆಕಾರ್ಡ್ ಮಾಡಿಕೊಂಡು, ಆಮೇಲೆ ರಾತ್ರಿ ಹೊತ್ತು ಕೂತು ಒಂದೊಂದನ್ನೇ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಪ್ರೋಗ್ರಾಂನಲ್ಲಿ ಟೈಪ್ ಮಾಡಿದ್ದರು. ನೂರಾ ನಲವತ್ತಕ್ಕೂ ಜಾಸ್ತಿ ಹಾಡು. ಅಜ್ಜಿ ಈಗ ಇಲ್ಲ. ಆ ಹಾಡುಗಳು ಆ ಒಂದು ಹಾರ್ಡ್ ಡಿಸ್ಕ್ ಬಿಟ್ಟರೆ ಬೇರೆ ಎಲ್ಲೂ ಇರಲಿಲ್ಲ.

ಹೊಸ ಲ್ಯಾಪ್‌ಟಾಪ್ ತಂದ ದಿನ ಚಿಕ್ಕಪ್ಪ ಫೋನ್ ಮಾಡಿ, "ಎಲ್ಲಾನೂ ಇದಕ್ಕೆ ಹಾಕ್ಬೇಕಲ್ಲಪ್ಪಾ, ಯಾವುದು ಬೇಗ ಆಗುತ್ತೆ?" ಅಂತ ಕೇಳಿದರು. ಯಾರೇ ಆದರೂ ಮೊದಲು ಕೇಳುವುದು ಇದನ್ನೇ. ಆದರೆ ಬೇಗ ಆಗುವ ದಾರಿ ಹುಡುಕುವ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು: ಕೆಲಸ ಮುಗಿದ ಮೇಲೆ ನನ್ನ ಫೈಲುಗಳು ಎಷ್ಟು ಕಡೆ ಇರುತ್ತವೆ? ಒಂದು ಗಂಟೆ ಉಳಿಸಿ ಕೊನೆಗೂ ಒಂದೇ ಕಡೆ ಉಳಿಯುವ ದಾರಿಗಿಂತ, ಅರ್ಧ ದಿನ ಹಿಡಿದು ಎರಡು ಮೂರು ಕಡೆ ಉಳಿಸುವ ದಾರಿ ಮೇಲು. ಇಲ್ಲಿ ಬರೆದಿರುವ ಎಲ್ಲ ದಾರಿಗಳನ್ನೂ ನಾನು ಈ ಲೆಕ್ಕದಲ್ಲೇ ತೂಗಿದ್ದೇನೆ.

ಈ ಕೆಲಸ ಈಗ ತುಂಬಾ ಮನೆಗಳಲ್ಲಿ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಕೇಳುವ ಚಿಪ್ಪು, ಪ್ರೊಸೆಸರ್ ಹಳೇ ಮೆಷಿನ್‌ಗಳಲ್ಲಿ ಇಲ್ಲ. ಹಾಗಾಗಿ ಚೆನ್ನಾಗಿ ನಡೆಯುತ್ತಿದ್ದ ಕಂಪ್ಯೂಟರನ್ನೂ ಬದಲಾಯಿಸುವವರು ಜಾಸ್ತಿ. ವಿಂಡೋಸ್ 7ರಲ್ಲಿ 'ಈಸಿ ಟ್ರಾನ್ಸ್‌ಫರ್' ಅಂತ ಒಂದು ಸೌಲಭ್ಯ ಇತ್ತು. ಅದನ್ನು ನೆನಪಿಟ್ಟುಕೊಂಡು ಹುಡುಕುವವರಿದ್ದಾರೆ. ವಿಂಡೋಸ್ 10ರಿಂದಲೇ ಅದನ್ನು ತೆಗೆದುಬಿಟ್ಟರು, ಹುಡುಕಬೇಡಿ.

ಶುರು ಮಾಡುವ ಮುಂಚೆ ಎರಡು ವಿಷಯ

ಮೊದಲನೆಯದು, ಎಷ್ಟಿದೆ ಅಂತ ಅಳೆಯಿರಿ. ಸಿ ಡ್ರೈವ್‌ನಲ್ಲಿ 'ಯೂಸರ್ಸ್' ಅನ್ನುವ ಫೋಲ್ಡರ್ ಇರುತ್ತದೆ. ಅದರೊಳಗೆ ನಿಮ್ಮ ಹೆಸರಿನ ಫೋಲ್ಡರ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಅದರಲ್ಲೇ ಇವೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಹಾಗೇ ಡಿ ಡ್ರೈವ್, ಇ ಡ್ರೈವ್ ಇದ್ದರೆ ಅವನ್ನೂ ನೋಡಿ. ನಮ್ಮ ಕಡೆ ಅಂಗಡಿಯವರು ಡಿಸ್ಕನ್ನು ಮೂರು ಭಾಗ ಮಾಡಿ ಕೊಡುತ್ತಿದ್ದ ಕಾಲ ಒಂದಿತ್ತು. ಮುಖ್ಯವಾದ ಫೈಲುಗಳು ಡಿ ಡ್ರೈವಿನಲ್ಲೇ ಕೂತಿರುತ್ತವೆ. ಚಿಕ್ಕಪ್ಪನ ಮೆಷಿನ್‌ನಲ್ಲಿ ಎಲ್ಲ ಸೇರಿ 186 ಜಿಬಿ ಇತ್ತು.

ಎರಡನೆಯದು, ಹಳೇ ಡಿಸ್ಕಿನ ಆರೋಗ್ಯ. ಕಿವಿಗೊಟ್ಟು ಕೇಳಿ. ಟಕ್ ಟಕ್ ಅಂತ ಒಂದೇ ಸಮ ಸದ್ದು ಬರುತ್ತಿದ್ದರೆ, ಒಂದು ಫೋಟೋ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ, ಡಿಸ್ಕ್ ಕೈಕೊಡುವ ಹೊತ್ತು ಬಂದಿರಬಹುದು. 'ಕ್ರಿಸ್ಟಲ್ ಡಿಸ್ಕ್ ಇನ್ಫೋ' ಅನ್ನುವ ಉಚಿತ ಪ್ರೋಗ್ರಾಂ ಹಾಕಿದರೆ 'ಗುಡ್', 'ಕಾಷನ್', 'ಬ್ಯಾಡ್' ಅಂತ ಬಣ್ಣದಲ್ಲೇ ತೋರಿಸುತ್ತದೆ. ಹಳದಿ ಅಥವಾ ಕೆಂಪು ಬಂದರೆ ಎಲ್ಲವನ್ನೂ ಒಟ್ಟಿಗೆ ಕಾಪಿ ಮಾಡಲು ಹೋಗಬೇಡಿ. ಮತ್ತೆ ಸಿಗದೇ ಇರುವುದನ್ನು ಮೊದಲು ತೆಗೆಯಿರಿ. ಸಿನಿಮಾಗಳು ಆಮೇಲೆ. ಡಿಸ್ಕ್ ಈಗಾಗಲೇ ಟಕ್ ಟಕ್ ಅನ್ನುತ್ತಿದ್ದು, ಒಳಗೆ ಇರುವುದು ನಿಮಗೆ ತುಂಬಾ ಬೇಕಾದದ್ದಾದರೆ, ಕಂಪ್ಯೂಟರ್ ಆಫ್ ಮಾಡಿ. ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಸಿಗುವುದು ಕಮ್ಮಿಯಾಗುತ್ತದೆ.

ಪೆನ್ ಡ್ರೈವ್

ಇಪ್ಪತ್ತು ಮೂವತ್ತು ಜಿಬಿ ಒಳಗಿದ್ದರೆ ಸಾಕು, ಧಾರಾಳವಾಗಿ ಬಳಸಿ. ಅದಕ್ಕಿಂತ ಜಾಸ್ತಿ ಇದ್ದರೆ ಹತ್ತು ಸಲ ತುಂಬಿ ಹತ್ತು ಸಲ ಖಾಲಿ ಮಾಡಬೇಕು. ಆ ಓಡಾಟದಲ್ಲಿ ಯಾವ ಫೋಲ್ಡರ್ ಆಯಿತು, ಯಾವುದು ಆಗಲಿಲ್ಲ ಅನ್ನುವ ಲೆಕ್ಕ ತಪ್ಪುತ್ತದೆ. ಕೊನೆಯಲ್ಲಿ ಪೆನ್ ಡ್ರೈವ್ ಖಾಲಿ, ಅಂದರೆ ಹೆಚ್ಚಿನ ಪ್ರತಿಯೂ ಉಳಿಯಲಿಲ್ಲ.

ತುಂಬಾ ಪೆನ್ ಡ್ರೈವ್‌ಗಳು ಫ್ಯಾಟ್ 32 ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲು ಹಿಡಿಸುವುದಿಲ್ಲ. ಒಳಗೆ 50 ಜಿಬಿ ಜಾಗ ಇದ್ದರೂ ಮದುವೆ ವೀಡಿಯೋ ಮಾತ್ರ ಕಾಪಿ ಆಗಲ್ಲ ಅಂದರೆ ಕಾರಣ ಇದೇ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿಕೊಂಡರೆ ಸರಿಹೋಗುತ್ತದೆ. ಇನ್ನು, ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್ ಡ್ರೈವ್ ಅಂತ ಬರುತ್ತವಲ್ಲ, ಅವನ್ನು ಮುಟ್ಟಲೇಬೇಡಿ. ಒಳಗಿರುವುದು ಸಣ್ಣ ಚಿಪ್ಪು. ಕಾಪಿ ಆದಂತೆ ತೋರಿಸುತ್ತದೆ, ತೆರೆಯಲು ಹೋದರೆ ಫೈಲು ಇರುವುದಿಲ್ಲ.

ಎಕ್ಸ್‌ಟರ್ನಲ್ ಡಿಸ್ಕ್: ಹೆಚ್ಚಿನ ಮನೆಗಳಿಗೆ ಇದೇ

ಹಳೇ ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದ್ದರೆ ನಾನು ಹೇಳುವುದು ಇದನ್ನೇ. ಒಂದು ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಕೊಂಡುಕೊಳ್ಳಿ. ಹಳೆಯದರಿಂದ ಅದಕ್ಕೆ ಕಾಪಿ, ಅದರಿಂದ ಹೊಸದಕ್ಕೆ ಕಾಪಿ. ಎರಡು ಸಲ ಮಾಡುವ ಕೆಲಸ ಅನ್ನಿಸುತ್ತದೆ, ನಿಜ. ಆದರೆ ಮುಗಿದಾಗ ನಿಮ್ಮ ಫೈಲು ಮೂರು ಕಡೆ ಇರುತ್ತದೆ: ಹಳೇ ಕಂಪ್ಯೂಟರಿನಲ್ಲಿ, ಡಿಸ್ಕಿನಲ್ಲಿ, ಹೊಸದರಲ್ಲಿ. ಕೊಟ್ಟ ದುಡ್ಡು ಸಾಗಾಟಕ್ಕಷ್ಟೇ ಹೋಗಲಿಲ್ಲ, ಮುಂದೆ ವರ್ಷಗಟ್ಟಲೆ ಬ್ಯಾಕಪ್‌ಗೂ ಆಯಿತು.

ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿಯಾ? ಅಷ್ಟೇ ಜಾಗಕ್ಕೆ ಹಾರ್ಡ್ ಡಿಸ್ಕ್ ಅಗ್ಗ, ಆದರೆ ಕೈಜಾರಿ ಬಿದ್ದರೆ ಮುಗಿಯಿತು. ಎಸ್‌ಎಸ್‌ಡಿಗೆ ಒಳಗೆ ತಿರುಗುವ ಭಾಗ ಇಲ್ಲ, ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಬಹುದು. ಮನೆಯ ಬೀರುವಿನಲ್ಲಿ ಇಡುವುದಾದರೆ ಹಾರ್ಡ್ ಡಿಸ್ಕೇ ಸಾಕು. ವೇಗದ ಆಸೆಗೆ ಎಸ್‌ಎಸ್‌ಡಿ ಕೊಳ್ಳುವ ಮುಂಚೆ ಹಳೇ ಮೆಷಿನ್ನಿನ ಕಿಂಡಿ ನೋಡಿ. ಯುಎಸ್‌ಬಿ 2 ಆದರೆ ನೀವು ಏನೇ ಚುಚ್ಚಿದರೂ ಸೆಕೆಂಡಿಗೆ ಸುಮಾರು 30 ಎಂಬಿ, ಅಷ್ಟೇ. ಕಿಂಡಿಯ ಒಳಗೆ ನೀಲಿ ಬಣ್ಣ ಕಂಡರೆ ಸಾಮಾನ್ಯವಾಗಿ ಅದು ಯುಎಸ್‌ಬಿ 3. ಅದರಲ್ಲಿ ಹಾರ್ಡ್ ಡಿಸ್ಕ್ 100 ಎಂಬಿ ಆಸುಪಾಸು ಓಡುತ್ತದೆ. ಡೆಸ್ಕ್‌ಟಾಪ್ ಆದರೆ ಹಿಂಭಾಗದ ಕಿಂಡಿಗೇ ಹಾಕಿ, ಮುಂದಿನವು ಎಷ್ಟೋ ಸಲ ಲೂಸ್ ಆಗಿರುತ್ತವೆ.

ಚಿಕ್ಕಪ್ಪನ ಮೆಷಿನ್‌ನಲ್ಲಿ ಇದ್ದದ್ದು ಬರೀ ಯುಎಸ್‌ಬಿ 2. ಲೆಕ್ಕದ ಪ್ರಕಾರ 186 ಜಿಬಿಗೆ ಒಂದೂಮುಕ್ಕಾಲು ಗಂಟೆ. ಹಿಡಿದದ್ದು ಮೂರು ಗಂಟೆ. ಸಣ್ಣ ಸಣ್ಣ ಫೈಲು ಸಾವಿರಗಟ್ಟಲೆ ಇದ್ದರೆ ಹೀಗೇ ಆಗುತ್ತದೆ, ಗಾಬರಿ ಬೇಡ. ನಡುವೆ ಎರಡು ಸಲ ಕರೆಂಟ್ ಹೋಯಿತು. ಯುಪಿಎಸ್ ಇದ್ದದ್ದರಿಂದ ಬಚಾವ್. ಯುಪಿಎಸ್ ಇಲ್ಲದಿದ್ದರೆ ಫೋಲ್ಡರ್ ಫೋಲ್ಡರಾಗಿ ಕಾಪಿ ಮಾಡಿ, ಮುಗಿದದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಒಂದು ಮಾತು ದಯವಿಟ್ಟು ಕೇಳಿ. ಕಾಪಿ ಮಾಡಿ, ಕಟ್ ಮಾಡಬೇಡಿ. ಕಾಲೇಜಿನಲ್ಲಿದ್ದಾಗ ನಾನು ಅಕ್ಕನ ಮದುವೆಯ ಫೋಟೋಗಳನ್ನು ಕಟ್ ಮಾಡಿ ಬೇರೆ ಕಡೆ ಪೇಸ್ಟ್ ಮಾಡುತ್ತಿದ್ದೆ. ಅರ್ಧಕ್ಕೇ ಕರೆಂಟ್ ಹೋಯಿತು. ಇಲ್ಲಿಂದ ಅಳಿಸಿಹೋಗಿದ್ದವು, ಅಲ್ಲಿ ಸರಿಯಾಗಿ ಬರೆದಿರಲಿಲ್ಲ. ಧಾರೆ ಎರೆಯುವ ಹೊತ್ತಿನ ಅರವತ್ತು ಫೋಟೋ ಹೋದವು. ಅಕ್ಕ ಒಂದು ಮಾತೂ ಬೈಯಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಡಿಸ್ಕಿನ ಫಾರ್ಮ್ಯಾಟ್ ಬಗ್ಗೆ ಇಷ್ಟು ಸಾಕು: ಎರಡೂ ವಿಂಡೋಸ್ ಆದರೆ ಎನ್‌ಟಿಎಫ್‌ಎಸ್. ಒಂದು ಕಡೆ ಮ್ಯಾಕ್ ಇದ್ದರೆ ಎಕ್ಸ್‌ಫ್ಯಾಟ್, ಯಾಕೆಂದರೆ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಕೊನೆಗೆ ತೆಗೆಯುವಾಗ 'ಇಜೆಕ್ಟ್' ಕೊಟ್ಟೇ ತೆಗೆಯಿರಿ.

ಹಳೇ ಡಿಸ್ಕನ್ನೇ ಬಿಚ್ಚಿ ಹಾಕುವುದು

ಕಂಪ್ಯೂಟರ್ ಆನ್ ಆಗುವುದೇ ಇಲ್ಲ ಅಂದರೆ ಎಲ್ಲಾ ಹೋಯಿತು ಅಂತ ಕೂರಬೇಡಿ. ಹಾಳಾಗಿರುವುದು ಮದರ್‌ಬೋರ್ಡೋ, ಪವರ್ ಸಪ್ಲೈಯೋ, ಸ್ಕ್ರೀನೋ ಇರಬಹುದು. ಡಿಸ್ಕ್ ಚೆನ್ನಾಗಿಯೇ ಇರಬಹುದು. ಅದನ್ನು ಬಿಚ್ಚಿ, ಒಂದು ಕೇಬಲ್ ಮೂಲಕ ಹೊಸ ಲ್ಯಾಪ್‌ಟಾಪಿಗೆ ಪೆನ್ ಡ್ರೈವಿನ ಹಾಗೆ ಚುಚ್ಚಬಹುದು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 'ಸಾಟಾ ಟು ಯುಎಸ್‌ಬಿ ಕೇಬಲ್' ಅಂತ ಕೇಳಿದರೆ ಸಾಕು, ಎತ್ತಿ ಕೊಡುತ್ತಾರೆ. ಆನ್‌ಲೈನ್‌ನಲ್ಲೂ ಸಿಗುತ್ತದೆ. ಕೆಲವು ನೂರು ರೂಪಾಯಿ ಅಷ್ಟೇ. ಆದರೆ ಕೊಳ್ಳುವ ಮುಂಚೆ ಡಿಸ್ಕ್ ಯಾವುದು ಅಂತ ನೋಡಿಕೊಂಡು ಹೋಗಿ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕ್ ಬರೀ ಯುಎಸ್‌ಬಿ ಕರೆಂಟಿನಲ್ಲೇ ಓಡುತ್ತದೆ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಬೇಕು, ಅಡಾಪ್ಟರ್ ಜೊತೆಗೆ ಬರುವ ಕೇಬಲನ್ನೇ ತರಬೇಕು. ಇಪ್ಪತ್ತು ವರ್ಷ ಹಿಂದಿನ ಮೆಷಿನ್‌ನಲ್ಲಿ ಅಗಲವಾದ ಪಟ್ಟಿ ಕೇಬಲ್ ಕಂಡರೆ ಅದು ಐಡಿಇ, ಅದಕ್ಕೆ ಕನ್ವರ್ಟರ್ ಬೇರೆ. ಈಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಚ್ಯೂಯಿಂಗ್ ಗಮ್ ಪಟ್ಟಿಯಷ್ಟೇ ಇರುವ ಎಂ.2 ಎಸ್‌ಎಸ್‌ಡಿ ಇರುತ್ತದೆ, ಅದಕ್ಕೆ ಅದರದ್ದೇ ಪುಟ್ಟ ಡಬ್ಬಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಈ ದಾರಿ ಇಲ್ಲ.

ಚುಚ್ಚಿದ ಮೇಲೆ ಹಳೇ ಯೂಸರ್ ಫೋಲ್ಡರ್ ತೆರೆಯಲು ಹೋದರೆ 'ಅನುಮತಿ ಇಲ್ಲ' ಅನ್ನುತ್ತದೆ. 'ಕಂಟಿನ್ಯೂ' ಒತ್ತಿ ಸ್ವಲ್ಪ ಕಾಯಿರಿ, ಸಾಮಾನ್ಯವಾಗಿ ತೆರೆಯುತ್ತದೆ. ನಿಜವಾದ ಗೋಡೆ ಬಿಟ್‌ಲಾಕರ್. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಡಿಸ್ಕಿಗೆ ತಾನಾಗೇ ಬೀಗ ಬೀಳುತ್ತದೆ. ಆ ಡಿಸ್ಕನ್ನು ಬೇರೆ ಕಡೆ ಹಾಕಿದರೆ 48 ಅಂಕಿಯ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಅಕೌಂಟಿನ ಪಾಸ್‌ವರ್ಡೇ ಮರೆತಿದ್ದರೆ ಕಷ್ಟ. ಹಾಗಾಗಿ ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಕೀಯನ್ನು ಒಂದು ಹಾಳೆಯಲ್ಲಿ ಬರೆದು ಎತ್ತಿಡಿ.

ಈ ದಾರಿಯ ಒಂದು ಲಾಭ ನನಗೆ ಇಷ್ಟ. ಹಳೇ ಡಿಸ್ಕ್ ಇದ್ದ ಹಾಗೇ ಉಳಿಯುತ್ತದೆ. ಡಬ್ಬಿಗೆ ಹಾಕಿಟ್ಟರೆ ಅದೇ ಎರಡನೇ ಪ್ರತಿ. ಆದರೆ ಹದಿನಾಲ್ಕು ವರ್ಷ ತಿರುಗಿದ ಡಿಸ್ಕನ್ನೇ ಒಂದೇ ಬ್ಯಾಕಪ್ ಅಂತ ನಂಬಬೇಡಿ.

ಕೇಬಲ್, ವೈಫೈ

ಎರಡೂ ಕಂಪ್ಯೂಟರಿನಲ್ಲಿ ಲ್ಯಾನ್ ಕಿಂಡಿ (ನೆಟ್‌ವರ್ಕ್ ಕೇಬಲ್ ಹಾಕುವ ಜಾಗ) ಇದ್ದು, ನೆಟ್‌ವರ್ಕ್ ಸೆಟ್ಟಿಂಗ್ ಗೊತ್ತಿದ್ದರೆ ಇದು ಒಳ್ಳೆಯ ದಾರಿ. ಎರಡನ್ನೂ ರೂಟರಿಗೆ ಹಾಕಿ, ಫೋಲ್ಡರ್ ಶೇರ್ ಮಾಡಿ ಎಳೆದುಕೊಳ್ಳಬಹುದು. ಗಿಗಾಬಿಟ್ ಕಿಂಡಿ ಆದರೆ ಸೆಕೆಂಡಿಗೆ ನೂರು ಎಂಬಿ ಹತ್ತಿರ. ಹಳೆಯ 100 ಎಂಬಿಪಿಎಸ್ ಕಿಂಡಿ ಆದರೆ (ಇದು ಮೆಗಾಬಿಟ್ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್) 11 ಎಂಬಿ ಮಾತ್ರ, ಅಂದರೆ ಚಿಕ್ಕಪ್ಪನ ಫೈಲುಗಳಿಗೆ ಐದು ಗಂಟೆ ಹತ್ತಿರ. ವಿಂಡೋಸ್ 7ರಿಂದ 11ಕ್ಕೆ ಶೇರ್ ಮಾಡಲು ಹೋದರೆ ಪಾಸ್‌ವರ್ಡ್, ಅನುಮತಿ ಅಂತ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಅಭ್ಯಾಸ ಇಲ್ಲದವರು ಅದರಲ್ಲಿ ಅರ್ಧ ದಿನ ಕಳೆಯುವುದು ಬೇಡ. ಎರಡು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗಳನ್ನು ಎರಡೂ ತುದಿ ಒಂದೇ ತರ ಇರುವ ಮಾಮೂಲಿ ಕೇಬಲ್‌ನಿಂದ ಜೋಡಿಸಲು ಮಾತ್ರ ಹೋಗಬೇಡಿ. ಅದಕ್ಕೆಂದೇ ಮಾಡಿದ ಕೇಬಲ್ ಬೇರೆ ಇದೆ. ಮಾಮೂಲಿಯದು ಹಾಕಿದರೆ ಮೆಷಿನ್ ಸುಡಬಹುದು.

ವೈಫೈನಲ್ಲಿ ಕಳಿಸಲು 'ಲೋಕಲ್‌ಸೆಂಡ್' ಅನ್ನುವ ಉಚಿತ ಆ್ಯಪ್ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್, ಫೋನ್ ಎಲ್ಲದರಲ್ಲೂ ನಡೆಯುತ್ತದೆ, ಇಂಟರ್ನೆಟ್ ಡೇಟಾ ಖರ್ಚಾಗುವುದಿಲ್ಲ. ಐದಾರು ಜಿಬಿಗೆ ಬಹಳ ಅನುಕೂಲ. ಇನ್ನೂರು ಜಿಬಿಗೆ ಹಳೇ ಲ್ಯಾಪ್‌ಟಾಪಿನ ವೈಫೈ ಸಾಲದು.

ಮ್ಯಾಕ್‌ನಿಂದ ಮ್ಯಾಕ್‌ಗೆ ಹೋಗುವವರಿಗೆ ಇಷ್ಟೆಲ್ಲ ಬೇಕಿಲ್ಲ. ಅದರಲ್ಲೇ 'ಮೈಗ್ರೇಷನ್ ಅಸಿಸ್ಟೆಂಟ್' ಇದೆ, ಫೈಲು, ಪ್ರೋಗ್ರಾಂ, ಸೆಟ್ಟಿಂಗ್ ಎಲ್ಲ ತರುತ್ತದೆ.

ಕ್ಲೌಡ್

ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ಕಂಪನಿಯೊಂದರ ಕಂಪ್ಯೂಟರಿನಲ್ಲಿ ಫೈಲು ಇಡುವುದು. ಗೂಗಲ್‌ನಲ್ಲಿ ಉಚಿತವಾಗಿ ಸಾಮಾನ್ಯವಾಗಿ 15 ಜಿಬಿ, ಅದೂ ಜಿಮೇಲ್, ಫೋಟೋಸ್, ಡ್ರೈವ್ ಎಲ್ಲಕ್ಕೂ ಸೇರಿ. ಮೈಕ್ರೋಸಾಫ್ಟಿನ ಒನ್‌ಡ್ರೈವ್‌ನಲ್ಲಿ 5 ಜಿಬಿ. ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್, ಇನ್ಶೂರೆನ್ಸ್ ಪೇಪರ್, ನಿಮ್ಮ ಬರಹಗಳು ಇಷ್ಟಕ್ಕೆ ಇದು ಧಾರಾಳವಾಗಿ ಸಾಕು. ಮನೆಗೆ ನೀರು ನುಗ್ಗಿದರೂ, ಕಳ್ಳತನ ಆದರೂ ಉಳಿಯುವ ಪ್ರತಿ ಇದು. ಹಾಗಾಗಿ ಸಣ್ಣ, ಮುಖ್ಯವಾದ ಫೈಲುಗಳನ್ನು ಡಿಸ್ಕಿನ ಜೊತೆಗೆ ಇಲ್ಲೂ ಹಾಕಿ.

ಇಡೀ ಕಂಪ್ಯೂಟರನ್ನು ಕ್ಲೌಡ್ ಮೂಲಕ ಸಾಗಿಸುವುದು ಬೇರೆ ಮಾತು. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಸಿಕ್ಕಿತು ಅಂತಿಟ್ಟುಕೊಳ್ಳಿ. 186 ಜಿಬಿ ಹತ್ತಲು 20 ಗಂಟೆಗೂ ಜಾಸ್ತಿ ಬೇಕು. ಆಮೇಲೆ ಇಳಿಸಬೇಕು. ಜಾಗಕ್ಕೆ ತಿಂಗಳು ತಿಂಗಳು ದುಡ್ಡು.

ಇಲ್ಲಿ ಒಂದು ಕಣ್ಣಿಗೆ ಕಾಣದ ಹೊಂಡ ಇದೆ. ಒನ್‌ಡ್ರೈವ್ ಆನ್ ಆಗಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳೇ ಅದರೊಳಗೆ ಹೋಗಿರಬಹುದು. ಫೈಲಿನ ಪಕ್ಕ ಪುಟ್ಟ ಮೋಡದ ಗುರುತು ಇದ್ದರೆ ಹೆಸರು ಮಾತ್ರ ಇಲ್ಲಿದೆ, ಫೈಲು ಇಲ್ಲಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೆ ಅವು ಸಿಗುವುದಿಲ್ಲ. ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಕೊಟ್ಟು, ಹಸಿರು ಗುರುತು ಬಂದ ಮೇಲೆ ಕಾಪಿ ಮಾಡಿ. ಇನ್ನೊಂದು, ಒನ್‌ಡ್ರೈವ್‌ನಂಥ ಸೇವೆಗಳು ಎರಡೂ ಕಂಪ್ಯೂಟರಿನ ಫೋಲ್ಡರನ್ನು ಒಂದೇ ತರ ಇಡುತ್ತವೆ. ಹಳೇ ಕಂಪ್ಯೂಟರ್ ಖಾಲಿ ಮಾಡೋಣ ಅಂತ ಆ ಫೋಲ್ಡರಿನಲ್ಲಿ ಅಳಿಸಿದರೆ ಹೊಸದರಲ್ಲೂ ಅಳಿಸಿಹೋಗುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಷ್ಟರೊಳಗೆ ಗೊತ್ತಾದರೆ ಉಳಿದೀತು.

ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಫೋಟೋ ಕಳಿಸಿಕೊಳ್ಳುವುದು ಬೇಡ. ಫೋಟೋ ಕುಗ್ಗುತ್ತದೆ, ಯಾವತ್ತು ತೆಗೆದದ್ದು ಅನ್ನುವ ಮಾಹಿತಿಯೂ ಹೋಗುತ್ತದೆ.

ಅಂಗಡಿಗೆ ಕೊಡುವುದಾದರೆ

ಕೊಡಬಹುದು, ತಪ್ಪಿಲ್ಲ. ಆದರೆ "ಡೇಟಾ ಬೇಕು, ಫಾರ್ಮ್ಯಾಟ್ ಮಾಡಬೇಡಿ" ಅಂತ ಚೀಟಿ ಬರೆದು ಮೆಷಿನ್ ಮೇಲೆ ಅಂಟಿಸಿ. ನಮ್ಮ ಪಕ್ಕದ ಮನೆಯವರು ಬಾಯಿಮಾತಿನಲ್ಲಿ ಹೇಳಿ ಬಂದಿದ್ದರು. ಕೇಳಿಸಿಕೊಂಡ ಹುಡುಗ ಮಾರನೇ ದಿನ ರಜ. ಇನ್ನೊಬ್ಬ ಹುಡುಗ ವಿಂಡೋಸ್ ಹೊಸದಾಗಿ ಹಾಕಿ ಕೊಟ್ಟ. ಮಗುವಿನ ಮೊದಲ ವರ್ಷದ ಫೋಟೋಗಳು ಹೋದವು. ಬ್ಯಾಂಕಿನ, ಮನೆಯ ಖಾಸಗಿ ಫೈಲುಗಳಿದ್ದರೆ ಎದುರಿಗೇ ಕೂತು ಮಾಡಿಸಿಕೊಳ್ಳಿ.

ಕಾಪಿ ಆದರೂ ಬಾರದೇ ಉಳಿಯುವುದು

ಪ್ರೋಗ್ರಾಂಗಳು ಕಾಪಿಯಲ್ಲಿ ಬರುವುದಿಲ್ಲ, ಹೊಸದಾಗಿ ಹಾಕಬೇಕು. ಬ್ರೌಸರಿನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳು ಅಡಗಿದ ಫೋಲ್ಡರಿನಲ್ಲಿ ಇರುತ್ತವೆ, ಅಕೌಂಟ್ ಹಾಕಿ ಸಿಂಕ್ ಮಾಡಿಕೊಳ್ಳಿ. ಲೆಕ್ಕ ಬರೆಯುವ ಟ್ಯಾಲಿ ಪ್ರೋಗ್ರಾಂ ಇದ್ದರೆ ಅದರ ಒಳಗಿಂದಲೇ ಬ್ಯಾಕಪ್ ತೆಗೆಯಿರಿ.

ಕನ್ನಡದಲ್ಲಿ ಬರೆದಿಟ್ಟವರಿಗೆ ಇನ್ನೊಂದಿದೆ. ಅದು ನಮಗೆ ತಿಪಟೂರಿನಲ್ಲಿ ಎದುರಾಯಿತು. ಎಲ್ಲ ಕಾಪಿ ಆದ ಮೇಲೆ ಚಿಕ್ಕಪ್ಪ ಹೊಸ ಲ್ಯಾಪ್‌ಟಾಪಿನಲ್ಲಿ ಹಾಡಿನ ಫೈಲು ತೆರೆದರು. ಪುಟದ ತುಂಬ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಒಂದೂ ಕನ್ನಡ ಅಕ್ಷರ ಇಲ್ಲ. ಚಿಕ್ಕಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಹೋಯ್ತಾ?" ಅಂದರು.

ಹೋಗಿರಲಿಲ್ಲ. ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತವೇ. ಆ ಫಾಂಟ್ ಇದ್ದರೆ ಮಾತ್ರ ಕಣ್ಣಿಗೆ ಕನ್ನಡ. ಹಾಗಾಗಿ ಹಳೇ ಕಂಪ್ಯೂಟರಿನಲ್ಲಿ ಸಿ ಡ್ರೈವ್, ವಿಂಡೋಸ್, ಫಾಂಟ್ಸ್ ಫೋಲ್ಡರಿಗೆ ಹೋಗಿ ಆ ಹೆಸರಿನ ಫಾಂಟುಗಳನ್ನೆಲ್ಲ ಕಾಪಿ ಮಾಡಿಕೊಳ್ಳಿ. ಹೊಸದರಲ್ಲಿ ಎಲ್ಲವನ್ನೂ ಆರಿಸಿ, ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್' ಕೊಡಿ. ನಾವು ಹಾಗೇ ಮಾಡಿ ವರ್ಡ್ ಮುಚ್ಚಿ ತೆರೆದೆವು. ಪುಟ ಪೂರ್ತಿ ಕನ್ನಡ. ಚಿಕ್ಕಪ್ಪ ಮೊದಲ ಹಾಡನ್ನು ಮೆಲ್ಲಗೆ ಓದಿಕೊಂಡರು, ಕೊನೆಯವರೆಗೂ.

ಫಾಂಟ್ ಹಾಕಿದ್ದು ಇವತ್ತಿನ ಮಟ್ಟಿಗೆ. ಮುಂದಿನ ಕಂಪ್ಯೂಟರಿಗೂ, ಫೋನಿಗೂ ಬೇಕು ಅಂದರೆ ಯೂನಿಕೋಡಿಗೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿಗೆ, ಬದಲಾಯಿಸಲೇಬೇಕು. ನುಡಿಯ ಹೊಸ ಆವೃತ್ತಿಗಳಲ್ಲೇ ಪರಿವರ್ತಕ ಇದೆ. ಬದಲಾದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಜಾರಿರಬಹುದು. ಮೂಲ ಫೈಲನ್ನು ಅಳಿಸಬೇಡಿ.

ಹಳೆಯದನ್ನು ಯಾವಾಗ ಬಿಡುವುದು?

ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಹೋಲಿಸಿ. ಜಿಬಿ ಲೆಕ್ಕಕ್ಕಿಂತ ಈ ಸಂಖ್ಯೆ ಮುಖ್ಯ. ಆಮೇಲೆ ಅಲ್ಲೊಂದು ಇಲ್ಲೊಂದು ಫೋಟೋ, ವೀಡಿಯೋ, ಲೆಟರ್ ತೆರೆದು ನೋಡಿ. ಹಳೇ ಮೆಷಿನ್ನನ್ನು ಕಡೇಪಕ್ಷ ಒಂದು ತಿಂಗಳು ಹಾಗೇ ಇಡಿ. "ಅಯ್ಯೋ, ಅದೊಂದಿತ್ತಲ್ಲಾ" ಅಂತ ನೆನಪಾಗುವುದು ಆ ತಿಂಗಳಲ್ಲೇ. ಕೊಡುವಾಗ ಡಿಸ್ಕ್ ಬಿಚ್ಚಿಕೊಂಡು ಕೊಡಿ. ಇಲ್ಲವಾದರೆ 'ರೀಸೆಟ್'ನಲ್ಲಿ ಡ್ರೈವನ್ನು ಪೂರ್ತಿ ಸ್ವಚ್ಛ ಮಾಡುವ ಆಯ್ಕೆ ಕೊಟ್ಟು ಅಳಿಸಿ. ಬರೀ ಡಿಲೀಟ್ ಮಾಡಿದ್ದನ್ನು ವಾಪಸ್ ತೆಗೆಯಲು ಬರುತ್ತದೆ.

ಚಿಕ್ಕಪ್ಪನ ಹಳೇ ಡಿಸ್ಕನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ತಾರೀಖು ಬರೆದ ಚೀಟಿ ಅಂಟಿಸಿ ಬೀರುವಿನಲ್ಲಿ ಇಟ್ಟಿದ್ದೇವೆ. ಎಕ್ಸ್‌ಟರ್ನಲ್ ಡಿಸ್ಕ್ ಅದರ ಪಕ್ಕದಲ್ಲೇ ಇತ್ತು. ಎರಡೂ ಒಂದೇ ಬೀರುವಿನಲ್ಲಿ ಬೇಡ ಅಂತ ಅದನ್ನು ನಾನು ಮೈಸೂರಿಗೆ, ಅತ್ತೆಯ ಮನೆಗೆ ಒಯ್ದೆ. ಅತ್ತೆ ಅವತ್ತು ರಾತ್ರಿಯೇ ಅಜ್ಜಿಯ ರೆಕಾರ್ಡಿಂಗ್ ಹಾಕಿಸಿಕೊಂಡು ಕೇಳಿದರು. ಟೈಪ್ ಮಾಡುವಾಗ ಚಿಕ್ಕಪ್ಪ ಎರಡು ಸಾಲು ಬಿಟ್ಟಿದ್ದಾರೆ ಅಂತ ಹೇಳಿ, ಬರೆಸಿ ಕಳಿಸಿದರು.